ಕೇಳುವ ಬಾಯಿಗೊಂದು ಎಲ್ಲೆ



ತಿಳಿಯಬೇಕೆಂಬ ಇಚ್ಛೆಗೆ ಜಿಜ್ಞಾಸೆಯೆಂದು ಹೆಸರು. ಇಚ್ಛೆ ಯಾವುದೇ ಆಗಲಿ, ಲಿಂಗಮುಖವಾದರೆ ಪ್ರಸಾದ, ಅಂಗಮುಖವಾದರೆ ಬರಿಯ ವಿಷಯ. ಜಿಜ್ಞಾಸೆಗೂ ಈ ಎರಡು ಮುಖಗಳುಂಟು.

ವಚನಗಳ ತಾಳೆಯೋಲೆಯ ಕಟ್ಟುಗಳು ಎಷ್ಟೋ ಮನೆ ಮಠಗಳಲ್ಲಿದ್ದವು. ಅವುಗಳಿಗೆ ವಿಭೂತಿ, ಪತ್ರೆ, ಪುಷ್ಪಗಳು ಸಲ್ಲುತ್ತಿದ್ದವು. ಬಿಚ್ಚಿ ಓದಿದವರು ವಿರಳ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಒಳಗೇನಿದೆಯೆಂದು ನೋಡಿದರು. ಓಲೆಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಕೈಮುಗಿದು ಸುಮ್ಮನಿದ್ದಿದ್ದರೆ ನಮಗೆ ಎಷ್ಟು ನಷ್ಟವಾಗುತ್ತಿತ್ತು! ಆದುದರಿಂದ ‘ಲಿಂಗವನ್ನೇಕೆ ಧರಿಸಬೇಕು?’ ಎಂದು ಕೇಳುವ ಮಗುವನ್ನು ಗದರಿಸಬೇಡಿರಿ. ನಿಮಗೆ ತಿಳಿಯದಿದ್ದರೆ ಕೈಹಿಡಿದು ಗುರುವಿನ ಬಳಿಗೆ ಕರೆತನ್ನಿರಿ.

ಇನ್ನೊಂದು ಮುಖವೋ, ಹಸಿದು ಬಂದವನ ಕುಲವನ್ನು ವಿಚಾರಿಸುತ್ತದೆ. ನೆರೆಮನೆಯ ಸೊಸೆ ತವರಿಗೆ ಹೋದ ಕಾರಣವನ್ನು ಕೆದಕುತ್ತದೆ. ಈ ದೋಷ ನನ್ನಲ್ಲಿಯೂ ಇತ್ತು. ಹಲವು ವರ್ಷಗಳ ಹಿಂದೆ, ಪಾಠಶಾಲೆಗೆ ಹೊಸದಾಗಿ ಸೇರಿದ ಬಾಲಕನನ್ನು ಪಂಕ್ತಿಯ ನಡುವೆಯೇ ‘ನಿನ್ನ ತಂದೆ ಎಲ್ಲಿದ್ದಾನೆ?’ ಎಂದು ಕೇಳಿದೆ. ಅವನು ತಲೆತಗ್ಗಿಸಿದನು. ನಾನು ಬಿಡದೆ ಮತ್ತೊಮ್ಮೆ ಕೇಳಿದೆ. ಹುಡುಗನು ಉಣ್ಣುತ್ತಿದ್ದ ಎಲೆಯನ್ನು ಬಿಟ್ಟು ಎದ್ದುಹೋದನು. ತಿಳಿದು ನಾನು ಮಾಡಬೇಕಾದುದೇನೂ ಇರಲಿಲ್ಲ. ಪ್ರಸಾದವನ್ನು ಎಲೆಯಲ್ಲಿ ಬಿಟ್ಟ ದೋಷ ಆ ಮಗುವಿನದಲ್ಲ, ನನ್ನದು.

ಹಾಗಾದರೆ ಒಬ್ಬರ ಬಾಳಿನ ಮಾತನ್ನು ಕೇಳಲೇಬಾರದೆ? ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುವು ಆಕೆಯ ಪತಿಯ ವಿಚಾರವನ್ನೇ ಕೇಳಿದನೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ. ಮೇಲ್ನೋಟಕ್ಕೆ ಅದು ಬೀದಿಯ ಬಾಯಿ ಕೇಳುವ ಪ್ರಶ್ನೆಯೇ. ಆದರೆ ಆಕೆಯ ನಿಲವು ಶರಣಸಮೂಹಕ್ಕೆ ಕಾಣಲೆಂದು ಪ್ರಭು ಕೇಳಿದನು. ಉತ್ತರ ಮುಗಿದಾಗ ಆಕೆಯ ಹಿರಿಮೆ ಬೆಳಗಿತು. ನನ್ನ ಪ್ರಶ್ನೆಯಿಂದ ಆ ಬಾಲಕನ ತಲೆ ಬಾಗಿತು. ಪ್ರಶ್ನೆಯ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.

ಆದುದರಿಂದ ಕೇಳುವ ಮುನ್ನ ಕ್ಷಣಕಾಲ ತಡೆಯೋಣ. ಉತ್ತರ ದೊರೆತರೆ ಅವರ ಭಾರವನ್ನು ಹೊರುವೆನೋ, ಅಥವಾ ಊರೆಲ್ಲ ಹೊತ್ತು ತಿರುಗುವೆನೋ? ಹೊರುವ ಮನಸ್ಸಿದ್ದರೆ ಏಕಾಂತದಲ್ಲಿ, ಮೆಲುದನಿಯಲ್ಲಿ ಕೇಳೋಣ. ಇಲ್ಲವಾದರೆ ಮೌನವೇ ದಾಸೋಹ. ಎಲ್ಲೆಯಿಲ್ಲದೆ ಕೆದಕಬಹುದಾದ ಮನವೊಂದೇ ಉಂಟು, ಅದು ನಮ್ಮದು. ನಿತ್ಯ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡಾಗ ಆ ವಿಚಾರಣೆ ನಡೆಯಲಿ.