ಗೂಡಿನ ಲೋಟ

ನಮ್ಮ ಹಿತ್ತಲ ಗೋಡೆಯ ಗೂಡಿನಲ್ಲಿ ಬಹಳ ಕಾಲ ಒಂದು ಸ್ಟೀಲ್ ಲೋಟ ಇತ್ತು. ಮನೆಗೆಲಸಕ್ಕೆ ಬರುತ್ತಿದ್ದಾಕೆಗೆ ಕಾಫಿ ಕೊಡುವುದು ಅದರಲ್ಲೇ. ಅತ್ತೆಯ ಕಾಲದಿಂದ ಬಂದ ರೂಢಿ. ನಾನೂ ಏನೂ ಕೇಳದೆ ಮುಂದುವರಿಸಿದೆ.

ಆ ಲೋಟವನ್ನು ನೆನಪಿಗೆ ತಂದದ್ದು ದೂರದ ಅಮೆರಿಕದ ಒಂದು ಪ್ರಸಂಗ. ಅಲ್ಲಿನ ಊರುಗಳಿಗೆ ಹೊರದೇಶದ ರಾಯಭಾರಿ ಬಂದರೆ ಮೇಯರ್ ಸಿಟಿ ಹಾಲ್‌ನಲ್ಲಿ ಬರಮಾಡಿಕೊಂಡು, ಗೌರವಕ್ಕೆಂದು ಊರಿನ ಬೀಗದ ಕೈ ಕೊಡುವುದುಂಟು. ಊರೇ ನಿಮ್ಮದು ಎಂದು ಅದರ ಅರ್ಥ. ಆದರೆ 1955ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ವಿಮಾನ ನಿಲ್ದಾಣದಲ್ಲಿ ಇಳಿದ ನಮ್ಮ ರಾಯಭಾರಿ ಜಿ. ಎಲ್. ಮೆಹ್ತಾ ಅವರಿಗೆ ಆದದ್ದೇ ಬೇರೆ. ಊಟಕ್ಕೆ ಕುಳಿತವರನ್ನು ಮೈಬಣ್ಣ ನೋಡಿ, ಕಪ್ಪು ಜನರಿಗೆಂದು ಇಟ್ಟಿದ್ದ ಪ್ರತ್ಯೇಕ ಜಾಗಕ್ಕೆ ಹೋಗಿ ಎಂದರು. ಸುದ್ದಿ ಹಬ್ಬಿತು. ಮೇಯರ್ ರಾಯ್ ಹಾಫ್‌ಹೈನ್ಸ್ ಕ್ಷಮೆ ಕೇಳಿದರು. ವಿದೇಶಾಂಗ ಮಂತ್ರಿ ಡಲ್ಲೆಸ್ ಕೂಡ.

ಓದಿದಾಗ ಸಮಾಧಾನವಾಯಿತು. ಆಮೇಲೆ ಮನಸ್ಸು ಕೊರೆಯತೊಡಗಿತು. ಕ್ಷಮೆ ಯಾವ ತಪ್ಪಿಗೆ? ಮನುಷ್ಯನನ್ನು ಎಬ್ಬಿಸಿದ್ದಕ್ಕೋ, ರಾಯಭಾರಿಯನ್ನು ಎಬ್ಬಿಸಿದ್ದಕ್ಕೋ? ಅದೇ ಊರಲ್ಲಿ ಹುಟ್ಟಿ, ಅದೇ ಸಿಟಿ ಹಾಲ್‌ಗೆ ತೆರಿಗೆ ಕಟ್ಟುತ್ತಿದ್ದ ಕಪ್ಪು ಜನರನ್ನು ಬೇರೆ ಕೂರಿಸುವ ಪದ್ಧತಿ ನಿಲ್ಲಲಿಲ್ಲ. ದೇಶದ ಹೋಟೆಲುಗಳಲ್ಲೆಲ್ಲ ಈ ಭೇದವನ್ನು ಕಾನೂನು ನಿಷೇಧಿಸಿದ್ದು 1964ರಲ್ಲಿ.

ಅತಿಥಿಗೆ ಒಂದು ಕೈ ಹೆಚ್ಚು ಉಪಚಾರ ಮಾಡುವುದು ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಬಂದವರನ್ನು ನೋಡಿ ಹೋಳಿಗೆಗೆ ತುಪ್ಪ ಹೆಚ್ಚು ಕಡಿಮೆಯಾದೀತು. ಗೌರವ ಹಾಗಾಗಬಾರದು.

ಆದರೆ ಅವರನ್ನು ಬಯ್ಯಲು ನಾನು ಯಾರು? ಅದೇ 1955ರಲ್ಲಿ ನಮ್ಮಲ್ಲೂ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ ಬಂತು. ನಮ್ಮ ಮನೆಯ ಗೂಡಿನವರೆಗೆ ಅದು ಬರಲೇ ಇಲ್ಲ.

ಒಂದು ದಿನ ಆಕೆಯ ಮಗಳು, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತೆಂದು ಹೇಳಲು ತಾಯಿಯ ಜೊತೆ ಬಂದಳು. ಹುಡುಗಿಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟೆ. ತಾಯಿಗೆ ಎಂದಿನಂತೆ ಗೂಡಿನ ಲೋಟದಲ್ಲಿ. ಹುಡುಗಿ ಒಂದು ಮಾತೂ ಆಡಲಿಲ್ಲ. ಕಪ್ಪನ್ನು ತಾಯಿಯ ಕೈಗೆ ಕೊಟ್ಟು ಲೋಟವನ್ನು ತಾನು ತೆಗೆದುಕೊಂಡಳು.

ರಾಯಭಾರಿ ಎಂದು ಗೊತ್ತಿರಲಿಲ್ಲ ಎಂದು ಹ್ಯೂಸ್ಟನ್ನಿನವರಾದರೂ ಹೇಳಿಕೊಳ್ಳಬಹುದಿತ್ತು. ನನಗೆ ಆ ತಾಯಿ ಇಪ್ಪತ್ತು ವರ್ಷದಿಂದ ಗೊತ್ತು.

ಈಗ ಆ ಲೋಟ ಮನೆಯ ಉಳಿದ ಲೋಟಗಳ ಜೊತೆ ಬೆರೆತುಹೋಗಿದೆ. ಕ್ಷಮೆ ಕೇಳಲು ಮಾತ್ರ ನನಗಿನ್ನೂ ಬಾಯಿ ಬಂದಿಲ್ಲ. ಆ ಮೇಯರ್ ಅಷ್ಟನ್ನಾದರೂ ಮಾಡಿದರು.