ಕುಲುಮೆಯ ಮುಂದಣ ಮುಖ

ಅಜ್ಜಂಪುರದ ಸೀಮೆಯ ಒಕ್ಕಲಿಗನು ನೇಗಿಲಿಗೆ ಗುಳವನ್ನು ಊರಿನಲ್ಲಿಯೇ ಮಾಡಿಸುತ್ತಿದ್ದ ಕಾಲದಲ್ಲಿ, ಆ ಕಬ್ಬಿಣವನ್ನು ಬಡಿದವನ ಮುಖವನ್ನು ಬಲ್ಲವನಾಗಿದ್ದನು. ಕಮ್ಮಾರನು ಸುಗ್ಗಿಯಲ್ಲಿ ಅವನ ಕಣಕ್ಕೇ ಬಂದು ತನ್ನ ಆಯವನ್ನು ಕೊಂಡೊಯ್ಯುತ್ತಿದ್ದನು. ಕಾರ್ಖಾನೆಯ ಕಬ್ಬಿಣಕ್ಕೆ ಇಂತಹ ಮುಖವಿಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆಯು ಹೊತ್ತಿಕೊಂಡಿತು. ಆ ಊರಿನ ಹಳೆಯ ಹೆಸರು ಬೆಂಕಿಪುರವೆಂಬುದು ಎಷ್ಟು ಒಪ್ಪುವ ಮಾತು! ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಬೆಟ್ಟವಿಳಿದು ಅಲ್ಲಿಗೆ ಸಾಗುತ್ತಿತ್ತು. ಮಲೆನಾಡಿನ ಮರಗಳು ಇದ್ದಿಲಾಗಿ ಅದನ್ನು ಕರಗಿಸುತ್ತಿದ್ದವು. ಅಗೆದವರಾರು, ಸುಟ್ಟವರಾರು, ಎರಕ ಹೊಯ್ದವರಾರು ಎಂಬುದು ಕಡೂರಿನ ಸಂತೆಯಲ್ಲಿ ಕಬ್ಬಿಣವನ್ನು ಕೊಳ್ಳುವವನಿಗೆ ತಿಳಿಯುವ ಬಗೆಯೆಂತು?

ಈ ಕೊರತೆಯನ್ನು ಛಾಯಾಚಿತ್ರವು ತುಂಬೀತೆಂದು ಹಲವರ ನಂಬಿಕೆ. ಆದರೆ ಕರಗಿದ ಕಬ್ಬಿಣದ ಪ್ರಭೆಯು ಬಲು ತೀಕ್ಷ್ಣವಾದುದು. ಅದಕ್ಕೆ ತಕ್ಕಂತೆ ಯಂತ್ರದ ಕಣ್ಣನ್ನು ಕಿರಿದುಮಾಡಿದರೆ ಕಿಡಿಗಳ ಮಳೆಯು ಸೊಗಸಾಗಿ ಮೂಡುವುದು. ಮುಂದೆ ನಿಂತ ಆಳು ಮಾತ್ರ ಬರಿಯ ಕರಿನೆರಳಾಗುವನು. ಮುಖವು ಕಾಣಬೇಕೆಂದು ಕಣ್ಣನ್ನು ಹಿಗ್ಗಿಸಿದರೆ ಬೆಂಕಿಯೆಲ್ಲವೂ ಬಿಳಿಯ ಕಲೆಯಾಗಿ, ನೋಡುವವರು ಚಿತ್ರ ಕೆಟ್ಟಿತೆನ್ನುವರು. ಎರಡರಲ್ಲಿ ಯಾವುದನ್ನು ಬಿಟ್ಟುಕೊಡಬೇಕು? ಕಸಬಿನ ಪ್ರಶ್ನೆಯಂತೆ ತೋರುವ ಇದು ನಿಜವಾಗಿ ಧರ್ಮದ ಪ್ರಶ್ನೆ. ಬೆಂಕಿಯನ್ನೇ ಆರಿಸಿಕೊಂಡವನು ಕಾರ್ಖಾನೆಯ ವೈಭವವನ್ನು ತೋರಿಸಿದನೇ ಹೊರತು, ಅದರ ಸೆಖೆಯನ್ನು ಸಹಿಸಿದವನನ್ನಲ್ಲ.

ಅಮೆರಿಕದ ಲೂಯಿಸ್ ಹೈನನು 1908ರಿಂದ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಚಿತ್ರಗಳನ್ನು ತೆಗೆಯುತ್ತ, ಅವರ ಹೆಸರು ವಯಸ್ಸುಗಳನ್ನು ಬರೆದುಕೊಳ್ಳುತ್ತಿದ್ದನು. ತನ್ನ ಕೋಟಿನ ಗುಂಡಿಗಳನ್ನೇ ಗುರುತಾಗಿಟ್ಟುಕೊಂಡು ಅವರ ಎತ್ತರವನ್ನು ಅಳೆಯುತ್ತಿದ್ದನಂತೆ. ಅವನೇ 1920ರಲ್ಲಿ ತೆಗೆದ ಇನ್ನೊಂದು ಚಿತ್ರದಲ್ಲಿ ಕೆಲಸಗಾರನೊಬ್ಬನು ಭಾರಿ ಯಂತ್ರದ ಮುಂದೆ ಬಾಗಿ ತಿರುಪನ್ನು ಬಿಗಿಯುತ್ತಿದ್ದಾನೆ. ಅದು ಹೇಳಿ ನಿಲ್ಲಿಸಿ ತೆಗೆದುದು. ಆದುದರಿಂದ ಸುಳ್ಳೆಂದು ಆಕ್ಷೇಪಿಸುವವರುಂಟು. ಈ ಆಕ್ಷೇಪವು ಅಷ್ಟೇನೂ ಬಲವಾದುದಲ್ಲ. ಒಪ್ಪಿ ನಿಂತವನಿಗೆ ತಾನು ಹೇಗೆ ಕಾಣಬೇಕೆಂಬುದರಲ್ಲಿ ಸ್ವಲ್ಪವಾದರೂ ಪಾಲಿರುತ್ತದೆ. ಅರಿಯದೆ ಸೆರೆಸಿಕ್ಕವನಿಗೆ ಅದೂ ಇಲ್ಲ. ಅವನ ಬೆವರು ಪರರ ಸೌಂದರ್ಯಾನುಭವಕ್ಕೆ ಸಾಮಗ್ರಿಯಾಗುವುದು, ಅಷ್ಟೆ.

ಬೆವರಿಗೆ ಕೂಲಿಯುಂಟಲ್ಲ, ಚಿತ್ರಕ್ಕೇಕೆ ಅಪ್ಪಣೆ ಎಂದು ಕೇಳಬಹುದು. ಕೂಲಿಯು ದುಡಿಮೆಯನ್ನು ಕೊಂಡಿತು. ಮುಖವನ್ನು ಯಾರೂ ಕೊಂಡಿಲ್ಲ. ಚಿತ್ರದ ಕೆಳಗೆ “ಎರಕ ಹೊಯ್ಯುವುದು” ಎಂದು ಬರೆದವರು ಹೊಯ್ಯುವವನ ಹೆಸರನ್ನು ಕೇಳಲು ಮರೆಯುತ್ತಾರೆ. ಒಂದು ಪ್ರತಿ ಅವನ ಮನೆಗೆ ತಲುಪಿತೆಂದೇ ಇಟ್ಟುಕೊಂಡರೂ, ಆ ಕರಿನೆರಳನ್ನು ಗೋಡೆಯ ಮೇಲೆ ಕಂಡ ಮಕ್ಕಳು ಇವನು ತಮ್ಮ ತಂದೆಯೆಂದು ಹೇಗೆ ಗುರುತಿಸಿಯಾರು?