ಎಡಗೈಯ ನೆಗೆತ

ಬೀಥೋವನ್ 1812ರಿಂದ 1818ರವರೆಗೆ ಒಂದು ದಿನಚರಿ ಬರೆದಿಟ್ಟಿದ್ದ. ಅದರಲ್ಲಿ ಅವನ ಒಂಟಿತನವಿದೆ, ಕಿವಿಯ ಸಂಕಟವಿದೆ, ಮನೆವಾರ್ತೆಯ ತಾಪತ್ರಯವಿದೆ. ನಡುನಡುವೆ ಓದಿದ ಪುಸ್ತಕಗಳಿಂದ ಎತ್ತಿಕೊಂಡ ಭಾಗಗಳೂ ಇವೆ. ಅವುಗಳಲ್ಲೊಂದು ಭಗವದ್ಗೀತೆಯ ಎರಡನೆಯ ಅಧ್ಯಾಯದ್ದು, ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡಬೇಕೆನ್ನುವ ಭಾಗ. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಗೀತೆಯನ್ನು ಇಂಗ್ಲಿಷಿಗೆ ತಂದ. ಸ್ಕಾಟ್ಲೆಂಡಿನ ಇತಿಹಾಸಕಾರ ವಿಲಿಯಂ ರಾಬರ್ಟ್‌ಸನ್ ಪ್ರಾಚೀನ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಅದರ ಕೆಲವು ಭಾಗ ಸೇರಿಸಿದ. ಆ ಪುಸ್ತಕ ಜರ್ಮನ್ ಭಾಷೆಗೆ ಹೋಗಿ ವಿಯೆನ್ನಾದಲ್ಲಿ ಬೀಥೋವನ್ನನ ಕೈ ಸೇರಿತು.

ದಿನಚರಿ ಮುಗಿಯುವ ಹೊತ್ತಿಗೆ ಅವನು ಬರೆಯುತ್ತಿದ್ದದ್ದು ಹ್ಯಾಮರ್‌ಕ್ಲಾವಿಯರ್ ಸೊನಾಟಾ, ಓಪಸ್ 106. ನಿವೃತ್ತಿಯಾದ ಮೇಲೆ ನಾನು ಕಲಿಯಲು ಕೂತಿರುವುದು ಅದನ್ನೇ. ಪೂರ್ತಿ ನುಡಿಸಲು ಮುಕ್ಕಾಲು ಗಂಟೆ ಬೇಕು. ಕಛೇರಿ ಮಾಡುವ ವಾದಕರೂ ಅಂಜುವ ಕೃತಿ ಇದು. ಕೊನೆಯ ಫ್ಯೂಗ್‌ನಲ್ಲಿ ಮೂರು ಧ್ವನಿಗಳು ಒಂದನ್ನೊಂದು ಬೆನ್ನಟ್ಟುತ್ತವೆ. ಒಂದು ಹಂತದಲ್ಲಿ ಅದೇ ರಾಗಪಲ್ಲವಿ ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಬರುತ್ತದೆ. ಮೈಸೂರಿನ ಮಳೆಗಾಲದಲ್ಲಿ ನನ್ನ ಹಳೆಯ ಪಿಯಾನೊದ ಮಣೆಗಳು ತೇವಕ್ಕೆ ಉಬ್ಬಿ ಒಂದೊಂದು ಮೇಲೇಳುವುದೇ ಇಲ್ಲ. ಆಗ ಫ್ಯೂಗನ್ನು ಬದಿಗಿಟ್ಟು ನಿಧಾನಗತಿಯ ಅಡಾಜಿಯೊ ಭಾಗಕ್ಕೆ ಹೋಗುತ್ತೇನೆ.

ಪಿಯಾನೊ ಮುಂದೆ ಕೂತವರಿಗೆ ಗೀತೆಯ ಆ ಉಪದೇಶ ಒಂದು ತೊಡಕು ತಂದಿಡುತ್ತದೆ. ಸಂಗೀತದಲ್ಲಿ ಕರ್ಮ ಬೇರೆ, ಫಲ ಬೇರೆ ಎನ್ನಲು ಬರುವುದಿಲ್ಲ. ಬೆರಳು ಇಳಿದ ಕ್ಷಣವೇ ಸ್ವರ ಹೊರಟಾಗಿರುತ್ತದೆ, ತಪ್ಪಾದರೆ ತಪ್ಪೇ. ಫಲದ ಚಿಂತೆ ಬಿಟ್ಟೆ ಎಂದು ತಪ್ಪುಸ್ವರವನ್ನು ಲೆಕ್ಕಿಸದೆ ಮುಂದೆ ಹೋದರೆ ಅದು ವೈರಾಗ್ಯವಲ್ಲ, ಉಡಾಫೆ. ಅರ್ಜುನನಿಗೂ ಬಾಣ ಎಲ್ಲಾದರೂ ಬೀಳಲಿ ಎಂದು ಕೃಷ್ಣ ಹೇಳಲಿಲ್ಲವಲ್ಲ. ಹಾಗಾದರೆ ಬಿಡಬೇಕಾದ್ದು ಏನನ್ನು? ನಮ್ಮ ತಂದೆ ಡಿ.ವಿ.ಜಿ.ಯವರ 'ಜೀವನಧರ್ಮಯೋಗ'ವನ್ನು ಬೆಳಗಿನ ಕಾಫಿ ಜೊತೆಗೆ ಓದುತ್ತಿದ್ದವರು. ನಾನೂ ಗೀತೆಯನ್ನು ಕೇಳುತ್ತಲೇ ಬೆಳೆದವಳು. ಆದರೂ ಈ ಪ್ರಶ್ನೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಈ ಸೊನಾಟಾದ ಮೊದಲ ಮಾತ್ರೆಯಲ್ಲಿ.

ಅಲ್ಲಿ ಆಗಬೇಕಾದದ್ದು ಇಷ್ಟು. ಎಡಗೈಯ ಕಿರುಬೆರಳು ತೀರಾ ಕೆಳಗಿನ ಬಿ ಫ್ಲ್ಯಾಟ್ ಸ್ವರವನ್ನು ಹೊಡೆಯುತ್ತದೆ. ಮರುಕ್ಷಣವೇ ಅದೇ ಕೈ ಅಷ್ಟು ದೂರ ಹಾರಿ, ಬಲಗೈಯ ಜೊತೆಗೂಡಿ ಒಂದು ದೊಡ್ಡ ಸ್ವರಗುಚ್ಛದ ಮೇಲೆ ಪೂರ್ಣಬಲದಲ್ಲಿ ಇಳಿಯಬೇಕು. ಬೀಥೋವನ್ ತಾನೇ ಮೆಟ್ರೊನೋಮ್ ವೇಗ ನಮೂದಿಸಿದ ಸೊನಾಟಾ ಅವನ ಮೂವತ್ತೆರಡರಲ್ಲಿ ಇದೊಂದೇ, ಮತ್ತು ಇಲ್ಲಿ ಅವನು ಬರೆದಿರುವುದು ನಿಮಿಷಕ್ಕೆ 138 ಅರ್ಧಸ್ವರ. ಆ ವೇಗದಲ್ಲಿ ಕೈ ದಾರಿಯುದ್ದಕ್ಕೂ ತಡವಿಕೊಂಡು ಹೋಗಲು ಸಮಯವೇ ಇಲ್ಲ. ನಿಧಾನವಾಗಿ ಸಾಧನೆ ಮಾಡಿದರೂ ಅಷ್ಟೇನೂ ಪ್ರಯೋಜನವಿಲ್ಲ, ಯಾಕೆಂದರೆ ನಿಧಾನವಾಗಿ ಹೋಗುವ ಕೈ ನೆಗೆಯುವುದಿಲ್ಲ, ನಡೆಯುತ್ತದೆ. ಹೊರಡುವ ಮುಂಚೆಯೇ ಕಣ್ಣು ಇಳಿಯುವ ಮಣೆಯ ಮೇಲೆ ನೆಟ್ಟಿರಬೇಕು. ಮೊಣಕೈ ಮುಂದಾಗಬೇಕು, ಮಣಿಕಟ್ಟು ಸಡಿಲವಿರಬೇಕು. ಕೈ ಒಮ್ಮೆ ಹೊರಟಿತೆಂದರೆ ಮಧ್ಯದಲ್ಲಿ ತಿದ್ದಲು ಬರುವುದಿಲ್ಲ.

ಇದಕ್ಕೆ ಸುಲಭದ ಉಪಾಯವೊಂದಿದೆ, ಕೆಳಗಿನ ಆ ಒಂದು ಸ್ವರಕ್ಕೋ ಮೇಲಿನ ಗುಚ್ಛಕ್ಕೋ ಇನ್ನೊಂದು ಕೈಯ ಸಹಾಯ ತೆಗೆದುಕೊಳ್ಳುವುದು. ಹಾಗೆ ಹಂಚಿಕೊಂಡರೆ ನೆಗೆತವೇ ಇರುವುದಿಲ್ಲ, ಸ್ವರವೂ ತಪ್ಪುವುದಿಲ್ಲ. ಹೆಸರಾಂತ ವಾದಕರಲ್ಲೇ ಎರಡು ಪಂಗಡವಿದೆ. ಹುಡುಗಿಯಾಗಿದ್ದಾಗ ಕಾನ್ವೆಂಟಿನಲ್ಲಿ ನನ್ನ ಜೊತೆ ಪಿಯಾನೊ ಕಲಿತ ಗೆಳತಿ ಹಂಚುವ ಪಂಗಡದವಳು. ಅವಳ ವಾದ ಬಲವಾಗಿಯೇ ಇದೆ: ಕೇಳುವವರ ಕಿವಿಗೆ ಮುಟ್ಟುವುದು ಸ್ವರ, ಯಾವ ಕೈ ಹೊಡೆಯಿತು ಎಂಬುದಲ್ಲ. ಫಲ ಒಂದೇ ಆದರೆ ಮೈ ನೋಯಿಸಿಕೊಳ್ಳುವುದು ಯಾಕೆ?

ಅವಳಿಗೆ ಉತ್ತರ ಹುಡುಕುತ್ತಾ ನಾನು ಎರಡನೆಯ ಅಧ್ಯಾಯ ಬಿಟ್ಟು ಹದಿನೆಂಟನೆಯದಕ್ಕೆ ಹೋದೆ. ಅಲ್ಲಿ ಯಾವ ಕರ್ಮಕ್ಕೂ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಅಂದರೆ ಈ ದೇಹ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆ, ಐದನೆಯದು ದೈವ. ಇಷ್ಟಿರುವಾಗ ತಾನೊಬ್ಬನೇ ಮಾಡಿದವನು ಎಂದುಕೊಳ್ಳುವವನಿಗೆ ಕಣ್ಣಿಲ್ಲ ಎನ್ನುತ್ತಾನೆ ಕೃಷ್ಣ. ಇದನ್ನು ಓದಿದ ಸಂಜೆ ಪಿಯಾನೊ ಮುಂದೆ ಕೂತಾಗ ಆ ಮೊದಲ ಮಾತ್ರೆ ಬೇರೆಯೇ ಆಗಿ ಕಂಡಿತು. ದೇಹ ಇಲ್ಲಿದೆ, ನಾನಿದ್ದೇನೆ, ಕಣ್ಣು ಕೈಗಳಿವೆ, ಸಾಧನೆಯೂ ಸೇರಿದೆ. ಕೈ ಗಾಳಿಯಲ್ಲಿರುವ ಆ ಒಂದು ಚೂರು ಹೊತ್ತು ಮಾತ್ರ ಈ ನಾಲ್ಕರ ಕೈಯಲ್ಲೂ ಇಲ್ಲ. ಎರಡು ಕೈಗೆ ಹಂಚಿದರೆ ನಾವು ಭದ್ರಪಡಿಸಿಕೊಳ್ಳುವುದು ಸರಿಯಾದ ಸ್ವರವನ್ನು, ನಿಜ. ಆದರೆ ಐದನೆಯದಕ್ಕೆ ಜಾಗ ಉಳಿಯುವುದಿಲ್ಲ. ಫಲತ್ಯಾಗವೆಂದರೆ ಸ್ವರ ಸರಿಯಾಗಿ ಬರಲಿ ಎಂಬ ಬಯಕೆಯನ್ನು ಬಿಡುವುದಲ್ಲ, ಬಂದೇ ತೀರಬೇಕೆಂಬ ಖಾತರಿಯನ್ನು ಬಿಡುವುದು ಎಂದು ನಾನು ಈಗ ನಂಬಿದ್ದೇನೆ. ಮಾಡಬೇಕಾದ್ದನ್ನೆಲ್ಲ ಮಾಡಿಯೂ ಖಾತರಿ ಇಟ್ಟುಕೊಳ್ಳದಿರುವುದು ಎಷ್ಟು ಕಷ್ಟ ಎಂಬುದು ಎಡಗೈಗೆ ಗೊತ್ತು. ಪಿಯಾನೊ ವಾದಕ ಆರ್ಟರ್ ಶ್ನಾಬೆಲ್ 1935ರಲ್ಲಿ ಮಾಡಿದ ಈ ಸೊನಾಟಾದ ಧ್ವನಿಮುದ್ರಣದಲ್ಲಿ ಬೀಥೋವನ್ ಬರೆದ ವೇಗಕ್ಕೆ ಹತ್ತಿರ ಹೋಗುತ್ತಾನೆ. ಅಲ್ಲಲ್ಲಿ ಸ್ವರಗಳು ಕುಸಿಯುತ್ತವೆ. ತಿದ್ದಿ ತೀಡಿದ ಎಷ್ಟೋ ಇತ್ತೀಚಿನ ಮುದ್ರಣಗಳಿಗಿಂತ ನನಗೆ ಅದು ಪ್ರಿಯ.

ನನ್ನ ಭಾವ ವೇದಾಂತ ಪಾಠ ಮಾಡಿದವರು. ದೈವವೆಂದರೆ ಅದೃಷ್ಟ ಎಂದುಕೊಳ್ಳಬೇಡ ಎಂದರು. ಶಂಕರರ ಭಾಷ್ಯದ ಪ್ರಕಾರ ಅಲ್ಲಿ ದೈವವೆಂದರೆ ಕಣ್ಣು ಮುಂತಾದ ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯಾದಿ ದೇವತೆಗಳು. ಈ ಮಾತು ನನ್ನ ವಾದವನ್ನು ಮುರಿಯಲಿಲ್ಲ, ಇನ್ನೂ ಆಳಕ್ಕೆ ಇಳಿಸಿತು. ದೂರದ ಮಣೆ ಕಣ್ಣಿಗೆ ಕಾಣುವುದೇ, ಕಂಡದ್ದರ ಕಡೆಗೆ ಕೈ ಹೋಗುವುದೇ ಒಂದು ಕೊಡುಗೆ ಎಂದಾಯಿತು.

ಆದರೆ ಆ ಕೊಡುಗೆಯನ್ನು ಹಿಂದಕ್ಕೆ ತೆಗೆದುಕೊಂಡರೆ? 1818ರ ಹೊತ್ತಿಗೆ ಬೀಥೋವನ್ ಜೊತೆ ಮಾತಾಡಲು ಬಂದವರು ಪುಸ್ತಕದಲ್ಲಿ ಬರೆದು ತೋರಿಸಬೇಕಿತ್ತು. ಲಂಡನ್ನಿನ ಬ್ರಾಡ್‌ವುಡ್ ಸಂಸ್ಥೆ ಉಡುಗೊರೆಯಾಗಿ ಕಳಿಸಿದ ಪಿಯಾನೊ ಅದೇ ವರ್ಷ ಅವನ ಮನೆಗೆ ಬಂತು, ಅದರ ನಾದ ಅವನಿಗೆ ಎಷ್ಟು ದಕ್ಕಿದ್ದೀತು? ಅವನು ಫಲ ತೊರೆದ ಋಷಿಯೂ ಆಗಿರಲಿಲ್ಲ. ಅನ್ನಕ್ಕಾಗಿ ಬರೆಯುವ ಕಷ್ಟವನ್ನು ಶಿಷ್ಯ ಫರ್ಡಿನಾಂಡ್ ರೀಸ್‌ಗೆ ತೋಡಿಕೊಂಡಿದ್ದಾನೆ. ಲಂಡನ್ನಿನಲ್ಲಿ ಅಚ್ಚಾಗಲು ಅಡ್ಡಿಯಾದರೆ ಸೊನಾಟಾದ ಭಾಗಗಳನ್ನು ಹಿಂದುಮುಂದು ಮಾಡು, ಕೆಲವನ್ನು ಬಿಟ್ಟೇಬಿಡು ಎಂದು ಅನುಮತಿಯನ್ನೂ ಕೊಟ್ಟಿದ್ದ. ಅದೇ ರೀಸ್‌ಗೆ 1819ರ ಏಪ್ರಿಲ್‌ನಲ್ಲಿ ಮತ್ತೊಂದು ಕಾಗದ ಬರೆದು, ಅಡಾಜಿಯೊ ಶುರುವಾಗುವ ಮುಂಚೆ ಎರಡು ಸ್ವರ ಸೇರಿಸಲು ಹೇಳಿದ. ಎ, ಅದರ ಮೇಲೆ ಸಿ ಶಾರ್ಪ್, ಅಷ್ಟೇ. ಕೃತಿ ಮುಗಿದು ಹಸ್ತಪ್ರತಿ ಲಂಡನ್ ಸೇರಿದ ಮೇಲೆ, ಕಿವಿ ಕೈಕೊಟ್ಟ ಮನುಷ್ಯ ಆ ಎರಡು ಸ್ವರಗಳಿಗಾಗಿ ಕಾಗದ ಬರೆದ. ಅವಿಲ್ಲದೆ ನುಡಿಸಿ ನೋಡಿದರೆ ಅಡಾಜಿಯೊ ಬಾಗಿಲಿಲ್ಲದ ಮನೆಯಂತೆ ಥಟ್ಟನೆ ಎದುರಾಗುತ್ತದೆ. ಅವಿದ್ದಾಗ ಹದಿನೈದಿಪ್ಪತ್ತು ನಿಮಿಷದ ಆ ಶೋಕದೊಳಕ್ಕೆ ಹೆಜ್ಜೆಯಿಟ್ಟು ಹೋಗುತ್ತೇವೆ.

ಐದನೆಯದು ಕೈಬಿಟ್ಟ ಮೇಲೂ ಉಳಿದ ನಾಲ್ಕಕ್ಕೆ ಕೆಲಸ ನಿಲ್ಲುವುದಿಲ್ಲವೇ ಎಂದು ಭಾವನವರನ್ನು ಕೇಳಿದೆ. ಕೈಬಿಟ್ಟಿತೆಂದು ಹೇಗೆ ಹೇಳುತ್ತೀ, ಆ ಎರಡು ಸ್ವರ ಅವನಿಗೆ ಹೊಳೆದದ್ದು ಯಾವ ಇಂದ್ರಿಯಕ್ಕೆ ಎಂದು ಅವರು ಮರುಪ್ರಶ್ನೆ ಹಾಕಿದರು. ಆ ಚರ್ಚೆ ನಮ್ಮಿಬ್ಬರಲ್ಲಿ ಇನ್ನೂ ನಡೆದಿದೆ. ಗೆಳತಿ ದಸರೆಗೆ ಬರುತ್ತಾಳಂತೆ. ಅಷ್ಟರಲ್ಲಿ ಮಳೆ ನಿಂತು ಮಣೆಗಳು ಒಣಗಿದರೆ, ಅವಳೆದುರು ಮೊದಲ ಭಾಗವನ್ನು ಎಡಗೈ ನೆಗೆತದಿಂದಲೇ ಆರಂಭಿಸುತ್ತೇನೆ.